ಸಣ್ಣ ಉದ್ದಿಮೆಗೆ ತಕ್ಕ ವಿಮೆ: ಅಂಗಡಿ, ಗೋದಾಮು, ವರ್ಕ್‌ಶಾಪ್ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಊರುಗಳಲ್ಲಿ ಬಟ್ಟೆ ಅಂಗಡಿ, ಬೇಕರಿ, ಹಿಟ್ಟಿನ ಗಿರಣಿ, ಪವರ್‌ಲೂಮ್, ಲೇಥ್ ವರ್ಕ್‌ಶಾಪ್ ಮೊದಲಾದವನ್ನು ನಡೆಸುವವರು ವಿಮೆ ಮಾಡಿಸುವ ಮುನ್ನ ಮತ್ತು ನಷ್ಟವಾದ ಮೇಲೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಯಾವ ಕಂಪನಿಯ ಪಾಲಿಸಿ ಒಳ್ಳೆಯದು ಎಂಬ ಚರ್ಚೆಗೆ ಇಲ್ಲಿ ಕೈಹಾಕಿಲ್ಲ. ಹಣ ಕೈಗೆ ಬರುವುದೋ ಇಲ್ಲವೋ ಎಂಬುದು ಹೆಚ್ಚಿನ ಸಂದರ್ಭಗಳಲ್ಲಿ ಕಂಪನಿಯ ಹೆಸರಿಗಿಂತ ಪಾಲಿಸಿಯಲ್ಲಿ ಬರೆದಿರುವ ವಿಳಾಸ, ಮೊತ್ತ ಮತ್ತು ವ್ಯಾಪಾರದ ವಿವರಣೆಯ ಮೇಲೆ ನಿಂತಿರುತ್ತದೆ.

ಹತ್ತಾರು ಬಗೆಯ ವಿಮೆಗಳಿವೆ. ಮೊದಲು ಯಾವುದನ್ನು ಮಾಡಿಸಬೇಕು?

ಯಾವ ನಷ್ಟವಾದರೆ ಅಂಗಡಿಯ ಬಾಗಿಲು ಮುಚ್ಚಬೇಕಾಗುತ್ತದೆಯೋ ಅದಕ್ಕೆ ಮೊದಲು ವಿಮೆ ಇರಬೇಕು. ನಲವತ್ತು ಲಕ್ಷದ ದಾಸ್ತಾನಿಟ್ಟುಕೊಂಡು ಬ್ಯಾಂಕಿನಿಂದ ಓಡಿ (ಓವರ್‌ಡ್ರಾಫ್ಟ್ ಸಾಲ) ಪಡೆದಿರುವ ಬಟ್ಟೆ ವ್ಯಾಪಾರಿಯೊಬ್ಬರನ್ನು ತೆಗೆದುಕೊಳ್ಳಿ. ಮುಂದಿನ ಗಾಜು ಒಡೆದರೆ, ಬೋರ್ಡು ಗಾಳಿಗೆ ಹಾರಿದರೆ ಅವರು ತಿಂಗಳ ಸಂಪಾದನೆಯಲ್ಲೇ ಸರಿಪಡಿಸಿಕೊಳ್ಳಬಲ್ಲರು. ಆದರೆ ರಾತ್ರಿ ಬೆಂಕಿ ಬಿದ್ದು ದಾಸ್ತಾನು ಸುಟ್ಟುಹೋದರೆ ಸಾಲ ಉಳಿಯುತ್ತದೆ, ಸರಕು ಉಳಿಯುವುದಿಲ್ಲ. ಹೀಗಿದ್ದೂ ಗಾಜು, ಬೋರ್ಡು, ಟಿವಿಗಳೆಲ್ಲ ಸೇರಿದ ದೊಡ್ಡ ಪಟ್ಟಿಯ ಪ್ಯಾಕೇಜ್ ಪಡೆದು, ದಾಸ್ತಾನಿಗೆ ಮಾತ್ರ ಹತ್ತು ಲಕ್ಷ ಬರೆಸಿರುವವರು ಕಡಿಮೆಯಿಲ್ಲ. ಬೆಂಕಿ ಮತ್ತು ನೆರೆಯ ವಿಮೆ, ಕೆಲಸಗಾರರಿಗೆ ಸಂಬಂಧಿಸಿದ ಹೊಣೆಯ ವಿಮೆ, ವಾಹನವಿದ್ದರೆ ಅದರ ವಿಮೆ ಮೊದಲು ಬರಬೇಕು. ಕಳ್ಳತನದ ವಿಮೆ ಅನಂತರದ್ದು. ಉಳಿದದ್ದು ವ್ಯಾಪಾರದ ಸ್ವರೂಪಕ್ಕೆ ಬಿಟ್ಟದ್ದು.

ಕಾನೂನಿನ ಪ್ರಕಾರ ಕಡ್ಡಾಯವಾದ ವಿಮೆ ಯಾವುದು?

1988ರ ಮೋಟಾರು ವಾಹನ ಕಾಯ್ದೆಯಂತೆ ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ (ಅಪಘಾತದಲ್ಲಿ ಬೇರೆಯವರಿಗಾದ ಹಾನಿಯ ವಿಮೆ) ಕಡ್ಡಾಯ. ಸರಕು ಸಾಗಿಸುವ ಗಾಡಿಯನ್ನು ಖಾಸಗಿ ಬಳಕೆಯ ವಾಹನವೆಂದು ತೋರಿಸಿ ವಿಮೆ ಮಾಡಿಸಿದರೆ ಅಪಘಾತದ ಹೊತ್ತಿಗೆ ತಕರಾರು ಏಳುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಂದಣಿಯಾಗಬೇಕು. ಅಪಾಯಕಾರಿ ರಾಸಾಯನಿಕಗಳನ್ನು ನಿಗದಿತ ಪ್ರಮಾಣ ಮೀರಿ ಬಳಸುವ ಇಲ್ಲವೇ ಸಂಗ್ರಹಿಸುವ ಘಟಕಗಳಿಗೆ, ಭೋಪಾಲ್ ಅನಿಲ ದುರಂತದ ತರುವಾಯ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಅನ್ವಯಿಸುತ್ತದೆ. ಬೆಂಕಿ ವಿಮೆಯನ್ನು ಸಾಮಾನ್ಯ ಅಂಗಡಿಗೆ ಯಾವ ಕಾನೂನೂ ಕಡ್ಡಾಯ ಮಾಡಿಲ್ಲ, ಬ್ಯಾಂಕು ಮಾತ್ರ ಸಾಲದ ಷರತ್ತಾಗಿ ಕೇಳುತ್ತದೆ.

‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂದರೇನು? ಅದು ನನಗೆ ಸಾಕೇ?

ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ಏಕರೂಪದ ಪಾಲಿಸಿ ಇದು. ಒಂದು ಸ್ಥಳದಲ್ಲಿರುವ ಕಟ್ಟಡ, ಯಂತ್ರ, ಪೀಠೋಪಕರಣ, ದಾಸ್ತಾನು ಎಲ್ಲ ಸೇರಿ 5 ಕೋಟಿ ರೂಪಾಯಿ ಮೀರದಿದ್ದರೆ ಈ ಪಾಲಿಸಿ. 5 ಕೋಟಿಗಿಂತ ಹೆಚ್ಚು, 50 ಕೋಟಿಯವರೆಗೆ ಇದ್ದರೆ ‘ಭಾರತ್ ಲಘು ಉದ್ಯಮ್ ಸುರಕ್ಷಾ’. ಇಲ್ಲಿನ ‘ಸೂಕ್ಷ್ಮ’ಕ್ಕೂ ಉದ್ಯಮ್ ನೋಂದಣಿ ಪ್ರಮಾಣಪತ್ರದ ‘ಸೂಕ್ಷ್ಮ’ಕ್ಕೂ ಸಂಬಂಧವಿಲ್ಲ: ಅಲ್ಲಿ ಹೂಡಿಕೆ ಮತ್ತು ವಹಿವಾಟು ಅಳತೆಗೋಲಾದರೆ ಇಲ್ಲಿ ಒಂದು ಸ್ಥಳದಲ್ಲಿರುವ ಆಸ್ತಿಯ ಮೌಲ್ಯ ಅಳತೆಗೋಲು.

ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ವಾಹನ ಬಂದು ಗುದ್ದುವುದು, ನೀರಿನ ಟ್ಯಾಂಕ್ ಒಡೆಯುವುದು ಇವೆಲ್ಲ ಮೂಲ ಪಾಲಿಸಿಯಲ್ಲೇ ಸೇರಿವೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದನ್ನು, 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ನೀರು ನುಗ್ಗಿದ್ದನ್ನು, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯೇ ಮುಳುಗಿದ್ದನ್ನು ಕಂಡವರಿಗೆ ನೆರೆ ಮತ್ತು ಭೂಕುಸಿತದ ರಕ್ಷಣೆ ಏಕೆ ಬೇಕೆಂದು ಬೇರೆ ಹೇಳಬೇಕಿಲ್ಲ. ದಾಸ್ತಾನನ್ನು ನೆಲಮಾಳಿಗೆಯಲ್ಲಿ ಇಡುವುದಾದರೆ ಅದನ್ನು ಮೊದಲೇ ಲಿಖಿತವಾಗಿ ತಿಳಿಸಿ, ಪಾಲಿಸಿಯಲ್ಲಿ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು.

ಈ ಪಾಲಿಸಿಯಲ್ಲಿ ಇಲ್ಲದ ಮುಖ್ಯ ಸಂಗತಿಗಳು ಮೂರು. ಮಾಮೂಲಿ ಕಳ್ಳತನ ಇದರಲ್ಲಿ ಬರುವುದಿಲ್ಲ. ಬೆಂಕಿ, ನೆರೆಯಂಥ ವಿಮೆಯುಳ್ಳ ಘಟನೆಯ ನಂತರದ ಏಳು ದಿನಗಳೊಳಗೆ, ಅದರ ಕಾರಣದಿಂದಾಗಿಯೇ ನಡೆದ ಕಳ್ಳತನ ಮಾತ್ರ ಬರುತ್ತದೆ. ಅಂಗಡಿ ಮುಚ್ಚಿದ ದಿನಗಳ ಆದಾಯ ಬರುವುದಿಲ್ಲ. ಕೆಲಸಗಾರರಿಗೂ ಗ್ರಾಹಕರಿಗೂ ಆದ ಪೆಟ್ಟಿನ ಪರಿಹಾರ ಬರುವುದಿಲ್ಲ.

ವಿಮಾ ಮೊತ್ತವನ್ನು ಎಷ್ಟೆಂದು ಬರೆಸಬೇಕು? ಸ್ವಲ್ಪ ಕಡಿಮೆ ಬರೆಸಿ ಪ್ರೀಮಿಯಂ ಉಳಿಸಬಹುದಲ್ಲವೇ?

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ನಲವತ್ತು ಲಕ್ಷದ ದಾಸ್ತಾನಿಗೆ ಇಪ್ಪತ್ತು ಲಕ್ಷದ ವಿಮೆ ಮಾಡಿಸಿದವರು, ‘ಹೇಗೂ ಇಡೀ ಅಂಗಡಿ ಸುಡುವುದಿಲ್ಲ, ಇಪ್ಪತ್ತು ಲಕ್ಷದವರೆಗಿನ ನಷ್ಟ ಪೂರ್ತಿ ಸಿಗುತ್ತದೆ’ ಎಂದು ಲೆಕ್ಕ ಹಾಕಿರುತ್ತಾರೆ. ವಿಮಾ ಕಂಪನಿಯ ಲೆಕ್ಕ ಹಾಗಿಲ್ಲ. ಅರ್ಧ ಮೌಲ್ಯಕ್ಕೆ ವಿಮೆ ಮಾಡಿಸಿದ್ದರೆ ಉಳಿದರ್ಧದ ಅಪಾಯವನ್ನು ಮಾಲೀಕರೇ ಹೊತ್ತಿದ್ದಾರೆಂದು ಭಾವಿಸಿ, ಹತ್ತು ಲಕ್ಷದ ಸರಕು ಸುಟ್ಟರೆ ಐದು ಲಕ್ಷವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅದರಲ್ಲಿ ಪಾಲಿಸಿಯ ಎಕ್ಸೆಸ್ (ಪ್ರತಿ ನಷ್ಟದಲ್ಲಿ ಮಾಲೀಕರೇ ಹೊರಬೇಕಾದ ಪಾಲು) ಕೂಡ ಕಳೆಯುತ್ತದೆ. ಹೀಗೆ ವಿಮೆಯ ಪ್ರಮಾಣಕ್ಕೆ ತಕ್ಕಂತೆ ಕಡಿತ ಮಾಡುವುದನ್ನು ಆವರೇಜ್ ಎನ್ನುತ್ತಾರೆ. ಭಾರತ್ ಸೂಕ್ಷ್ಮ ಪಾಲಿಸಿಯಲ್ಲಿ ಮೌಲ್ಯಕ್ಕಿಂತ ಶೇ 15ರವರೆಗೆ ಕಡಿಮೆಯಿದ್ದರೆ ಈ ಕಡಿತ ಮಾಡುವಂತಿಲ್ಲ. ಆದರೆ ಈ ರಿಯಾಯಿತಿ ಅಂದಾಜಿನ ಸಣ್ಣ ವ್ಯತ್ಯಾಸಕ್ಕೆ ಕೊಟ್ಟದ್ದು, ಉಳಿತಾಯದ ದಾರಿಯೆಂದು ಅದನ್ನು ನಂಬಿ ಕೂರಬಾರದು.

ದಾಸ್ತಾನನ್ನು ಕೊಂಡ ಬೆಲೆಗೆ ಹಿಡಿಯಬೇಕು, ಮಾರುವ ಬೆಲೆಗಲ್ಲ. ವರ್ಷದ ಸರಾಸರಿಯನ್ನು ಬಿಟ್ಟು, ದಾಸ್ತಾನು ಅತಿ ಹೆಚ್ಚಿರುವ ದಿನದ ಮೌಲ್ಯವನ್ನು ನೋಡಬೇಕು: ಬಟ್ಟೆ ಅಂಗಡಿಗೆ ದಸರಾ, ದೀಪಾವಳಿಗೆ ಮುಂಚಿನ ವಾರಗಳು, ಪಟ್ಟಣದ ಪುಸ್ತಕದಂಗಡಿಗೆ ಮೇ ಕೊನೆ ಮತ್ತು ಜೂನ್. ಬೆಂಕಿ ಬೀಳುವ ದಿನ ನಮ್ಮ ಸರಾಸರಿಯನ್ನು ಕೇಳಿಕೊಂಡು ಬರುವುದಿಲ್ಲ. ದಾಸ್ತಾನು ತಿಂಗಳು ತಿಂಗಳು ಬಹಳ ಏರಿಳಿಯುವುದಾದರೆ ನಿಯತವಾಗಿ ಮೌಲ್ಯ ಘೋಷಿಸುವ ಡಿಕ್ಲರೇಷನ್ ಪಾಲಿಸಿಯನ್ನು, ಎರಡು ಮೂರು ಗೋದಾಮುಗಳ ನಡುವೆ ಸರಕು ಓಡಾಡುತ್ತಿದ್ದರೆ ಫ್ಲೋಟರ್ ಪಾಲಿಸಿಯನ್ನು ವಿಚಾರಿಸಬೇಕು. ಯಂತ್ರ ಮತ್ತು ಕಟ್ಟಡಗಳಿಗೆ ಲೆಡ್ಜರಿನಲ್ಲಿರುವ ಸವಕಳಿ ಕಳೆದ ಮೌಲ್ಯ ಬೇಡ. ಇಂದು ಅದೇ ಯಂತ್ರವನ್ನು ಹೊಸದಾಗಿ ಕೊಂಡು ಕೂರಿಸಲು, ಅದೇ ಕಟ್ಟಡವನ್ನು ಮತ್ತೆ ಕಟ್ಟಲು ತಗಲುವ ಖರ್ಚನ್ನು ಬರೆಸಬೇಕು. ನಿವೇಶನದ ಬೆಲೆ ಇದರಲ್ಲಿ ಸೇರುವುದಿಲ್ಲ.

ಜಿಎಸ್‌ಟಿಯ ಒಂದು ಸೂಕ್ಷ್ಮವೂ ಇದೆ. ಸುಟ್ಟ ಅಥವಾ ಕಳುವಾದ ಸರಕಿನ ಮೇಲೆ ಪಡೆದಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾವನ್ನು) ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ ಹಿಂತಿರುಗಿಸಬೇಕು. ಅಂದರೆ ತೆರಿಗೆಯ ಮೊತ್ತವೂ ನಷ್ಟವೇ. ವಿಮಾ ಮೊತ್ತದಲ್ಲಿ ಜಿಎಸ್‌ಟಿಯನ್ನು ಸೇರಿಸಿಯೇ ಲೆಕ್ಕ ಹಾಕಿದ್ದರೆ ಅದನ್ನೂ ಕ್ಲೈಮಿನಲ್ಲಿ ಕೇಳಲು ಆಧಾರವಿರುತ್ತದೆ. ಇದನ್ನು ನಿಮ್ಮ ಲೆಕ್ಕಪತ್ರ ನೋಡುವ ಆಡಿಟರ ಜೊತೆ ಕೂತು ನಿರ್ಧರಿಸುವುದು ಒಳಿತು.

ಸಾಲ ಕೊಟ್ಟ ಬ್ಯಾಂಕೇ ವಿಮೆ ಮಾಡಿಸಿದೆ. ಮತ್ತೆ ನಾನೇಕೆ ಚಿಂತಿಸಬೇಕು?

ಬ್ಯಾಂಕು ಮಾಡಿಸುವುದು ತನ್ನ ಸಾಲದ ರಕ್ಷಣೆಗೆ. ಆ ಪಾಲಿಸಿಯ ಪ್ರತಿಯೇ ಹಲವರ ಬಳಿ ಇರುವುದಿಲ್ಲ, ಪ್ರೀಮಿಯಂ ಖಾತೆಯಿಂದ ಕಡಿತವಾದದ್ದಷ್ಟೇ ಗೊತ್ತಿರುತ್ತದೆ. ಪ್ರತಿಯನ್ನು ತರಿಸಿಕೊಂಡು ವಿಳಾಸ, ವಿಮಾ ಮೊತ್ತ ಮತ್ತು ವ್ಯಾಪಾರದ ವಿವರಣೆಯನ್ನು ಓದಿ. ಸಾಲದ ಮೊತ್ತಕ್ಕಷ್ಟೇ ವಿಮೆ ಮಾಡಿಸಿದ್ದರೆ ಮೇಲೆ ಹೇಳಿದ ಆವರೇಜ್ ಕಡಿತ ಕಾದಿರುತ್ತದೆ. ಎರಡು ವರ್ಷದ ಹಿಂದೆ ಗೋದಾಮನ್ನು ಎಪಿಎಂಸಿ ಯಾರ್ಡಿಗೆ ಬದಲಿಸಿದ್ದು, ಪಾಲಿಸಿಯಲ್ಲಿ ಇನ್ನೂ ಹಳೆಯ ಓಣಿಯ ವಿಳಾಸವೇ ಉಳಿದಿದ್ದರೆ ಹೊಸ ಗೋದಾಮಿನ ಸರಕಿಗೆ ವಿಮೆಯೇ ಇಲ್ಲವೆಂದು ಕಂಪನಿ ವಾದಿಸಬಹುದು. ಇಂಥ ಬದಲಾವಣೆಯನ್ನು ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಲಗತ್ತಿಸುವ ತಿದ್ದುಪಡಿ ಪತ್ರ) ಮೂಲಕ ಪಾಲಿಸಿಗೆ ಸೇರಿಸಬೇಕು. ಬ್ಯಾಂಕಿಗೆ ತಿಳಿಸಿದ್ದು ಕಂಪನಿಗೆ ತಿಳಿಸಿದಂತಲ್ಲ. ಬ್ಯಾಂಕಿನ ಹೆಸರು ಪಾಲಿಸಿಯಲ್ಲಿದ್ದಾಗ ಪರಿಹಾರದ ಹಣ ಮೊದಲು ಸಾಲದ ಖಾತೆಗೆ ಹೋಗುತ್ತದೆ ಎಂಬುದೂ ನೆನಪಿರಲಿ.

ಬಾಡಿಗೆ ಅಂಗಡಿ. ಕಟ್ಟಡದ ವಿಮೆ ಯಾರದು?

ಕಟ್ಟಡ ಮಾಲೀಕರದು, ದಾಸ್ತಾನು, ಪೀಠೋಪಕರಣ ಮತ್ತು ನಿಮ್ಮ ಖರ್ಚಿನಲ್ಲಿ ಮಾಡಿಸಿದ ಒಳಾಂಗಣ ನಿಮ್ಮದು. ಬಾಡಿಗೆ ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಅದರಂತೆ ನಡೆಯಬೇಕು. ಬೆಂಕಿ ನಿಮ್ಮ ಅಂಗಡಿಯ ನಿರ್ಲಕ್ಷ್ಯದಿಂದ ಹೊತ್ತಿಕೊಂಡದ್ದಾದರೆ, ಕಟ್ಟಡದ ಮಾಲೀಕರಿಗೆ ಹಣ ಕೊಟ್ಟ ವಿಮಾ ಕಂಪನಿ ಅದನ್ನು ನಿಮ್ಮಿಂದ ವಸೂಲು ಮಾಡಲು ಬರಬಹುದು. ಬೇಕರಿ, ಹೋಟೆಲ್‌ಗಳಂತೆ ಒಲೆ ಉರಿಸುವವರು ಬಾಡಿಗೆದಾರರ ಹೊಣೆಯ ರಕ್ಷಣೆಯನ್ನು ಕೇಳಿ ಪಡೆಯಬೇಕು.

ಮನೆಯಲ್ಲೇ ನಡೆಸುವ ಕೆಲಸಕ್ಕೆ ಮನೆಯ ವಿಮೆ ಸಾಲದೇ?

ಸಾಲದು. ಮನೆಯ ವಿಮೆ ವಾಸಕ್ಕೆ ಸಂಬಂಧಿಸಿದ್ದು. ಹಪ್ಪಳ ಸಂಡಿಗೆ, ಹೊಲಿಗೆ, ಆನ್‌ಲೈನ್ ಸೀರೆ ವ್ಯಾಪಾರದ ಸರಕು ಮತ್ತು ಯಂತ್ರಗಳಿಗೆ ಅದೇ ವಿಳಾಸದಲ್ಲಿ ಪ್ರತ್ಯೇಕ ವ್ಯಾಪಾರಿ ವಿಮೆ ಬೇಕು.

ಕಳ್ಳತನದ ವಿಮೆ ಇದ್ದೂ ಕ್ಲೈಮ್ ತಿರಸ್ಕಾರವಾಗುವುದೇಕೆ?

ಬರ್ಗ್ಲರಿ ಪಾಲಿಸಿಯಲ್ಲಿ ಬಲವಂತವಾಗಿ ಒಳನುಗ್ಗಿದ ಇಲ್ಲವೇ ಹೊರಬಂದ ಗುರುತು ಇರಬೇಕೆಂಬ ಷರತ್ತಿದೆ: ಮುರಿದ ಬೀಗ, ಮೀಟಿದ ಶಟರ್, ಕತ್ತರಿಸಿದ ಕಿಟಕಿ ಸರಳು. ಗಿರಾಕಿಯಂತೆ ಬಂದವರು ಬೆಳ್ಳಿ ಲೋಟ ಎತ್ತಿಕೊಂಡು ಹೋದದ್ದು, ವರ್ಷದ ಕೊನೆಗೆ ಲೆಕ್ಕ ನೋಡಿದಾಗ ಸರಕು ಕಡಿಮೆ ಕಂಡದ್ದು, ಕೆಲಸದ ಹುಡುಗ ಗಲ್ಲಾಪೆಟ್ಟಿಗೆಯಿಂದ ದಿನಾ ಸ್ವಲ್ಪ ಸ್ವಲ್ಪ ತೆಗೆದದ್ದು ಇದರಲ್ಲಿ ಬರುವುದಿಲ್ಲ. ನೌಕರರ ವಂಚನೆಗೆ ಫಿಡೆಲಿಟಿ ಗ್ಯಾರಂಟಿ, ಬ್ಯಾಂಕಿಗೆ ಒಯ್ಯುವ ನಗದಿಗೆ ಮನಿ ಇನ್ಶೂರೆನ್ಸ್ ಎಂಬ ಬೇರೆ ಪಾಲಿಸಿಗಳಿವೆ. ಬೆಂಕಿಯಂತೆ ಕಳ್ಳತನದಲ್ಲಿ ಇಡೀ ಗೋದಾಮು ಖಾಲಿಯಾಗುವುದು ಅಪರೂಪವಾದ್ದರಿಂದ, ಒಟ್ಟು ಮೌಲ್ಯವನ್ನು ಘೋಷಿಸಿ ಅದರ ಒಂದು ಪಾಲಿಗೆ ಮಾತ್ರ ವಿಮೆ ಪಡೆಯುವ ಫಸ್ಟ್ ಲಾಸ್ ವ್ಯವಸ್ಥೆ ಇಲ್ಲಿ ಉಂಟು. ಪ್ರೀಮಿಯಂ ಉಳಿಸಬೇಕೆನ್ನುವವರು ಉಳಿಸಬೇಕಾದ ಜಾಗ ಇದು.

ಶಾರ್ಟ್ ಸರ್ಕ್ಯೂಟ್ ಆಗಿ ಮೋಟಾರು ಸುಟ್ಟರೆ ಬೆಂಕಿ ವಿಮೆಯಲ್ಲಿ ಬರುತ್ತದೆಯೇ?

ಶಾರ್ಟ್ ಸರ್ಕ್ಯೂಟ್ ಯಾವ ಯಂತ್ರದಲ್ಲಿ ಆಯಿತೋ ಆ ಯಂತ್ರಕ್ಕೆ ಸಿಗುವುದಿಲ್ಲ. ಅಲ್ಲಿಂದ ಬೆಂಕಿ ಹರಡಿ ಸುಟ್ಟ ಉಳಿದ ವಸ್ತುಗಳಿಗೆ ಸಿಗುತ್ತದೆ. ವೋಲ್ಟೇಜ್ ಏರುಪೇರಿಗೆ ಸಿಎನ್‌ಸಿ ಯಂತ್ರದ ಕಾರ್ಡು ಹೋಗುವ ಪೀಣ್ಯದ ವರ್ಕ್‌ಶಾಪಿಗೆ, ಕಂಪ್ರೆಸರ್ ಕೈಕೊಡುವ ಕೋಲ್ಡ್ ಸ್ಟೋರೇಜಿಗೆ ಮೆಷಿನರಿ ಬ್ರೇಕ್‌ಡೌನ್ ಅಥವಾ ಎಲೆಕ್ಟ್ರಾನಿಕ್ ಉಪಕರಣಗಳ ವಿಮೆ ಪ್ರತ್ಯೇಕವಾಗಿ ಬೇಕು. ಕೋಲ್ಡ್ ಸ್ಟೋರೇಜಿನವರು, ಯಂತ್ರ ನಿಂತ ಕಾರಣ ಒಳಗಿನ ಸರಕು ಕೆಟ್ಟರೆ ಬರುವ ನಷ್ಟಕ್ಕೂ ರಕ್ಷಣೆ ಇದೆಯೇ ಎಂದು ಕೇಳಬೇಕು. ಬ್ಯಾಡಗಿಯಲ್ಲಿ ಇಡುವ ಮೆಣಸಿನಕಾಯಿಯ ಮೌಲ್ಯದ ಮುಂದೆ ಕಂಪ್ರೆಸರ್ ರಿಪೇರಿಯ ಖರ್ಚು ಏನೂ ಅಲ್ಲ.

ಐದಾರು ಜನ ಕೆಲಸಗಾರರಷ್ಟೇ ಇದ್ದಾರೆ. ಅವರಿಗೆ ವಿಮೆ ಬೇಕೇ?

ಕಡಿಮೆ ಜನರಿದ್ದಾಗಲೇ ಹೆಚ್ಚು ಬೇಕು. ಇಎಸ್‌ಐ ವ್ಯಾಪ್ತಿಯ ನೌಕರನಿಗೆ ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಇಎಸ್‌ಐ ನಿಗಮದ್ದು. ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರು ಅದರಲ್ಲಿ ಸೇರುತ್ತಾರೆ. ಮಾಲೀಕರ ವಂತಿಗೆ ಶೇ 3.25, ನೌಕರರದು ಶೇ 0.75. ಹತ್ತಕ್ಕಿಂತ ಕಡಿಮೆ ಜನರಿದ್ದು ಇಎಸ್‌ಐ ಇಲ್ಲದ ಕಡೆ, ಹಾಗೂ ವೇತನ 21,000 ಮೀರಿದವರ ವಿಷಯದಲ್ಲಿ, ಹೊಣೆ ನೇರವಾಗಿ ಮಾಲೀಕರ ತಲೆಗೆ ಬರುತ್ತದೆ. ಮೊದಲು 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದ ಈ ಹೊಣೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಲೆಕ್ಕದ ಮೂಲ ಸೂತ್ರ ಹಳೆಯದೇ.

ಕೆಲಸದ ವೇಳೆ ಸಾವು ಸಂಭವಿಸಿದರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಅಂಕಿಯಿಂದ ಗುಣಿಸಬೇಕು. ಮೂವತ್ತು ವರ್ಷದ ಕೆಲಸಗಾರನಿಗೆ ಆ ಅಂಕಿ 207.98. ವೇತನ 15,000 ಎಂದು ಹಿಡಿದರೆ 7,500 ಗುಣಿಸು 207.98, ಅಂದರೆ 15,59,850 ರೂಪಾಯಿ. ಮಾಲೀಕರ ತಪ್ಪಿತ್ತೇ ಎಂಬುದು ಇಲ್ಲಿ ಮುಖ್ಯವಾಗುವುದಿಲ್ಲ, ಅಪಘಾತ ಕೆಲಸದಿಂದ ಮತ್ತು ಕೆಲಸದ ಅವಧಿಯಲ್ಲಿ ಆಗಿದ್ದರೆ ಸಾಕು. ಒಂದು ಸಾಧಾರಣ ವರ್ಕ್‌ಶಾಪಿನ ಮಾಲೀಕರು ಈ ಮೊತ್ತವನ್ನು ಕೈಯಿಂದ ಕೊಡುವುದೆಂದರೆ ಯಂತ್ರ ಮಾರಬೇಕು. ಇದನ್ನು ಹೊರುವುದು ನೌಕರರ ಪರಿಹಾರ ವಿಮೆ. ವಿಮಾ ಏಜೆಂಟರ ಬಾಯಲ್ಲಿ ಇನ್ನೂ ‘ವರ್ಕ್‌ಮೆನ್ ಪಾಲಿಸಿ’. ಇದನ್ನು ಮಾಡಿಸುವಾಗ ಇರುವಷ್ಟೂ ಜನರನ್ನು, ಕೊಡುವಷ್ಟೂ ವೇತನವನ್ನು, ಮಾಡುವ ಕೆಲಸವನ್ನು ಸರಿಯಾಗಿ ಬರೆಯಬೇಕು. ಪ್ರೆಸ್ ಯಂತ್ರ ನಡೆಸುವವನನ್ನು ‘ಸಹಾಯಕ’ ಎಂದು ತೋರಿಸುವುದು, ಏಳು ಜನರಿದ್ದು ನಾಲ್ವರನ್ನು ಬರೆಸುವುದು ತೀರ ಸಣ್ಣ ಉಳಿತಾಯ. ಗುತ್ತಿಗೆದಾರರ ಮೂಲಕ ಬರುವ ಹಮಾಲಿಗಳನ್ನೂ ಸೇರಿಸಲು ಹೇಳಿ.

ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಮತ್ತು 436 ರೂಪಾಯಿಯ ಜೀವನ್ ಜ್ಯೋತಿ ಯೋಜನೆಗಳನ್ನು ನೌಕರರಿಗೆ ಮಾಡಿಸುವುದು ಒಳ್ಳೆಯ ಕೆಲಸವೇ. ಒಂದೊಂದರಲ್ಲೂ ಗರಿಷ್ಠ ಮೊತ್ತ 2 ಲಕ್ಷ. ಆದರೆ ಅವು ಮಾಲೀಕರ ಕಾನೂನು ಹೊಣೆಯನ್ನು ತೀರಿಸುವುದಿಲ್ಲ.

ಗ್ರಾಹಕರಿಗೆ ಪೆಟ್ಟಾದರೆ, ನಾವು ಮಾರಿದ ವಸ್ತುವಿನಿಂದ ತೊಂದರೆಯಾದರೆ?

ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದವರಿಗೆ ಪಬ್ಲಿಕ್ ಲಯಬಿಲಿಟಿ, ತಿಂಡಿ ತಿಂದು ಆಸ್ಪತ್ರೆ ಸೇರಿದವರಿಗೆ ಪ್ರಾಡಕ್ಟ್ ಲಯಬಿಲಿಟಿ. ಜನ ಸೇರುವ ಕಲ್ಯಾಣ ಮಂಟಪ, ಜಿಮ್, ಹೋಟೆಲ್, ಕೋಚಿಂಗ್ ಕೇಂದ್ರಗಳಿಗೆ ಮೊದಲಿನದು, ಆಹಾರ ಮತ್ತು ಸೌಂದರ್ಯವರ್ಧಕ ತಯಾರಕರಿಗೆ ಎರಡನೆಯದು ಅಗತ್ಯ. ವೈದ್ಯರು, ಆಡಿಟರು, ಆರ್ಕಿಟೆಕ್ಟರು ವೃತ್ತಿ ಹೊಣೆಯ ವಿಮೆಯನ್ನು ಒಂದು ವರ್ಷವೂ ಬಿಡದೆ ನವೀಕರಿಸಬೇಕು, ಏಕೆಂದರೆ ತಪ್ಪು ನಡೆದ ದಿನ ಮಾತ್ರವಲ್ಲದೆ ದಾವೆ ಬಂದ ದಿನವೂ ಪಾಲಿಸಿ ಜಾರಿಯಲ್ಲಿರಬೇಕಾಗುತ್ತದೆ.

ಲಾರಿಯಲ್ಲಿ ಕಳಿಸಿದ ಸರಕಿಗೆ ಟ್ರಾನ್ಸ್‌ಪೋರ್ಟಿನವರು ಹೊಣೆಯಲ್ಲವೇ?

ಹೌದು, ಆದರೆ ಮಿತಿಯೊಳಗೆ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ, ಹೆಚ್ಚಿನ ಮೌಲ್ಯವನ್ನು ಘೋಷಿಸಿ ಅದಕ್ಕೆ ತಕ್ಕ ದರ ಕೊಡದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಲೆಕ್ಕದ ಮಿತಿಗೆ ನಿಲ್ಲುತ್ತದೆ. ದಾವೆ ಹೂಡಬೇಕಾದರೆ ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಇಳಕಲ್ಲಿನಿಂದ ಸೀರೆ, ಚನ್ನಪಟ್ಟಣದಿಂದ ಬೊಂಬೆ ನಿಯತವಾಗಿ ಹೊರಗೆ ಕಳಿಸುವವರು ಪ್ರತಿ ಲೋಡಿಗೂ ಓಡಾಡುವ ಬದಲು ವರ್ಷದ ಓಪನ್ ಪಾಲಿಸಿ ಪಡೆಯಬಹುದು. ನೆಲದ ಮೇಲೆ ಸಾಗಿದರೂ ಇದನ್ನು ಮರೈನ್ ವಿಮೆ ಎಂದೇ ಕರೆಯುತ್ತಾರೆ, ಹುಡುಕುವಾಗ ಗೊಂದಲ ಬೇಡ.

ಬೆಂಕಿ ಬಿದ್ದು ಅಂಗಡಿ ಮೂರು ತಿಂಗಳು ಮುಚ್ಚಿದರೆ ಆ ಅವಧಿಯ ಆದಾಯ ಸಿಗುತ್ತದೆಯೇ?

ಬಿಸಿನೆಸ್ ಇಂಟರಪ್ಷನ್ ರಕ್ಷಣೆಯನ್ನು ಸೇರಿಸಿದ್ದರೆ ಮಾತ್ರ. ಅದು ಕೂಡ ವಿಮೆಯುಳ್ಳ ಆಸ್ತಿಗೆ ಹಾನಿಯಾದ ಕಾರಣ ವ್ಯಾಪಾರ ನಿಂತಾಗ ಅನ್ವಯಿಸುತ್ತದೆ. 2020ರ ಲಾಕ್‌ಡೌನಿನಲ್ಲಿ ಬಾಗಿಲು ಮುಚ್ಚಿದವರಿಗೆ ಇದರಿಂದ ಹಣ ಬಾರದಿದ್ದುದಕ್ಕೆ ಕಾರಣ ಇದೇ: ವ್ಯಾಪಾರ ನಿಂತಿತ್ತು, ಆಸ್ತಿ ಸುಸ್ಥಿತಿಯಲ್ಲಿತ್ತು. ಕಿರಾಣಿ ಅಂಗಡಿಗೆ ಇದು ಅಷ್ಟು ಮುಖ್ಯವಲ್ಲ, ಬೇರೆ ಮಳಿಗೆ ಹಿಡಿದು ತಿಂಗಳೊಳಗೆ ಶುರು ಮಾಡಬಹುದು. ಆರು ತಿಂಗಳ ಮೊದಲೇ ಆರ್ಡರ್ ಕೊಟ್ಟು ತರಿಸುವ ಯಂತ್ರದ ಮೇಲೆ ನಿಂತ ಘಟಕಕ್ಕೆ ಮಾತ್ರ ಇದನ್ನು ಬಿಡಬೇಡಿ ಎನ್ನಬಹುದು.

ಅರ್ಜಿಯನ್ನು ಏಜೆಂಟರೇ ತುಂಬಿದ್ದಾರೆ, ನಾನು ಸಹಿ ಮಾತ್ರ ಹಾಕಿದ್ದೇನೆ. ತೊಂದರೆಯಾಗುವುದೇ?

ಸಹಿ ನಿಮ್ಮದಾದ್ದರಿಂದ ಅದರಲ್ಲಿನ ಪ್ರತಿ ಮಾತೂ ನಿಮ್ಮದೇ. ‘ಜನರಲ್ ಸ್ಟೋರ್ಸ್’ ಎಂದು ಬರೆದ ಅಂಗಡಿಯಲ್ಲಿ ಪೇಂಟು, ಥಿನ್ನರ್, ದೀಪಾವಳಿ ಪಟಾಕಿ ಇಟ್ಟಿದ್ದರೆ ಅಪಾಯದ ಸ್ವರೂಪವೇ ಬೇರೆಯಾಗುತ್ತದೆ. ತಗಡಿನ ಶೆಡ್ಡನ್ನು ಆರ್‌ಸಿಸಿ ಕಟ್ಟಡವೆಂದು ತೋರಿಸಬಾರದು. ಹಿಂದಿನ ನಷ್ಟಗಳನ್ನು ಮುಚ್ಚಿಡಬಾರದು. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನಂತೆ ಪ್ರೀಮಿಯಂ ಕೈಸೇರುವ ತನಕ ಕಂಪನಿ ಅಪಾಯವನ್ನು ಹೊರುವಂತಿಲ್ಲ. ಏಜೆಂಟರ ಕೈಯಲ್ಲಿ ಚೆಕ್ ಇದ್ದು ಅದು ಬೌನ್ಸ್ ಆಗಿದ್ದರೆ ಪಾಲಿಸಿಯ ಕಾಗದ ನಿಮ್ಮ ಬಳಿ ಇದ್ದೂ ಪ್ರಯೋಜನವಿಲ್ಲ. ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರ್ 22ರಿಂದ ಸಿಕ್ಕ ವಿನಾಯಿತಿ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗೆ ಮಾತ್ರ.

ನಷ್ಟವಾದ ದಿನ ಏನು ಮಾಡಬೇಕು?

ಅಗ್ನಿಶಾಮಕ ದಳಕ್ಕೆ, ಕಳ್ಳತನವಾದರೆ ಪೊಲೀಸರಿಗೆ, ಜೊತೆಗೆ ಅದೇ ದಿನ ವಿಮಾ ಕಂಪನಿಗೆ ತಿಳಿಸಬೇಕು. ಫೋನಿನಲ್ಲಿ ಹೇಳಿದರೂ ಇ-ಮೇಲ್ ಒಂದಿರಲಿ. ಉಳಿದ ಸರಕನ್ನು ಕಾಪಾಡುವುದು ಮಾಲೀಕರ ಕರ್ತವ್ಯ, ಆದರೆ ಸುಟ್ಟದ್ದನ್ನು, ನೆನೆದದ್ದನ್ನು ಸರ್ವೇಯರ್ (ನಷ್ಟವನ್ನು ಅಂದಾಜು ಮಾಡುವವರು) ನೋಡುವ ಮುನ್ನ ಎಸೆಯಬಾರದು. ನೀರು ಎಲ್ಲಿಯವರೆಗೆ ಏರಿತ್ತು ಎಂಬ ಗೋಡೆಯ ಮೇಲಿನ ಕೆಸರಿನ ಗೆರೆಯ ಫೋಟೊ ತೆಗೆದಿಟ್ಟರೆ, ಯಾವ ಅಟ್ಟಣಿಗೆಯವರೆಗಿನ ಸರಕು ನೆನೆಯಿತೆಂಬ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸರ್ವೇಯರ್ ಕೇಳುವುದು ಖರೀದಿ ಬಿಲ್, ಮಾರಾಟದ ಲೆಕ್ಕ, ಜಿಎಸ್‌ಟಿ ರಿಟರ್ನ್ ಮತ್ತು ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್. ಓಡಿ ಮಿತಿ ಹೆಚ್ಚಿಸಿಕೊಳ್ಳಲು ಬ್ಯಾಂಕಿಗೆ ಅರವತ್ತು ಲಕ್ಷದ ದಾಸ್ತಾನು ತೋರಿಸಿ, ಪುಸ್ತಕದಲ್ಲಿ ಮೂವತ್ತೈದು ಲಕ್ಷವಿದ್ದರೆ ಎರಡೂ ಕಾಗದ ಒಂದೇ ಮೇಜಿನ ಮೇಲೆ ಬಂದು ಕೂರುತ್ತವೆ. ಬಿಲ್ಲಿಲ್ಲದೆ ಕೊಂಡ ಸರಕಂತೂ ಸುಟ್ಟಾಗ ಇರಲೇ ಇಲ್ಲವೆಂದು ಲೆಕ್ಕ. ಲೆಕ್ಕಪತ್ರದ ಪ್ರತಿಯನ್ನು ಅಂಗಡಿಯ ಹೊರಗೆ ಬೇರೊಂದು ಕಡೆ ಇಟ್ಟಿರಬೇಕು.

ಕ್ಲೈಮ್ ತಿರಸ್ಕರಿಸಿದರೆ ಅಥವಾ ತೀರ ಕಡಿಮೆ ಕೊಟ್ಟರೆ?

ಕಾರಣವನ್ನು ಬರಹದಲ್ಲಿ ಕೇಳಿ, ಸರ್ವೇ ವರದಿಯ ಪ್ರತಿಯನ್ನು ಪಡೆದು, ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಅಥವಾ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಬ್ಬರೇ ಮಾಲೀಕರ ಉದ್ದಿಮೆ ಮತ್ತು (ಉದ್ಯಮ್ ನೋಂದಣಿಯ ಅರ್ಥದ) ಸೂಕ್ಷ್ಮ ಉದ್ಯಮಗಳು ದೂರು ಇತ್ಯರ್ಥಪಡಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರವಿದೆ. ದೂರನ್ನು ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಸಲ್ಲಿಸಬೇಕು.

ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿಯಾಗಿದ್ದು ಸೂಕ್ಷ್ಮ ಉದ್ಯಮದ ಮಿತಿ ಮೀರಿದ್ದರೆ ಗ್ರಾಹಕ ಆಯೋಗದ ದಾರಿ ಇದೆ. ವ್ಯಾಪಾರಕ್ಕಾಗಿ ಮಾಡಿಸಿದ ವಿಮೆ ಎಂಬ ಒಂದೇ ಕಾರಣಕ್ಕೆ ವಿಮೆ ಪಡೆದವರು ‘ಗ್ರಾಹಕ’ರಲ್ಲ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಯಾವ ಆಯೋಗಕ್ಕೆ ಹೋಗಬೇಕೆಂಬುದು ಕೇಳುವ ಪರಿಹಾರದ ಮೇಲಲ್ಲ, ಕಟ್ಟಿದ ಪ್ರೀಮಿಯಂ ಮೇಲೆ ನಿರ್ಧಾರವಾಗುವುದರಿಂದ ಸಣ್ಣ ಉದ್ದಿಮೆಗಳ ಪ್ರಕರಣಗಳು ಸಾಮಾನ್ಯವಾಗಿ ಜಿಲ್ಲಾ ಆಯೋಗದ ಮುಂದೆಯೇ ಬರುತ್ತವೆ.